ಕುದುರೆಮುಖದ ಬಾಕಿ

ಗಣಿ ಕಂಪೆನಿಗಳು ಮೂಲನಿವಾಸಿಗಳೊಡನೆ ಸಾಮರಸ್ಯದ ಮಾತಾಡುವುದು ಈಗ ರೂಢಿಯಾಗಿದೆ. ಆಸ್ಟ್ರೇಲಿಯದಲ್ಲಂತೂ ಅದಕ್ಕೆ ಲಿಖಿತ ಕಾರ್ಯಯೋಜನೆಗಳೇ ಇವೆ. ಅಂಥ ಯೋಜನೆ ಹೊಂದಿದ್ದ ರಿಯೊ ಟಿಂಟೊ ಕಂಪೆನಿಯೇ 2020ರ ಮೇ 24ರಂದು ಕಬ್ಬಿಣದ ಅದಿರಿಗಾಗಿ ಜೂಕನ್ ಕಮರಿಯ ಗುಹೆಗಳನ್ನು ಸಿಡಿಸಿತು. 46,000 ವರ್ಷಗಳ ಹಿಂದೆಯೇ ಮನುಷ್ಯರು ಬಾಳಿದ ಕುರುಹುಗಳಿದ್ದ ತಾಣವದು. ಸಿಡಿಸಲು ಸರಕಾರದ ಅನುಮತಿಯೂ ಇತ್ತು! ಕಂಪೆನಿಯ ಸಾಮರಸ್ಯ ಯೋಜನೆಗಿದ್ದ ಮಾನ್ಯತೆ ರದ್ದಾಯಿತು, ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು. 2022ರಲ್ಲಿ ಆ ನೆಲದ ಜನರೊಡನೆ ಪರಿಹಾರದ ಒಪ್ಪಂದವೂ ಆಯಿತು.

ಅಲ್ಲಿ ಮುರಿಯಲಿಕ್ಕಾದರೂ ಒಂದು ವಾಗ್ದಾನವಿತ್ತು. ನಮ್ಮ ಕುದುರೆಮುಖದ ಚರಿತ್ರೆಯಲ್ಲಿ ಅದೂ ನಮಗೆ ಕಾಣಸಿಗುವುದಿಲ್ಲ.

ಕುದುರೆಮುಖ ಕಬ್ಬಿಣ ಅದಿರು ಕಂಪೆನಿಯ ಕೇಂದ್ರ ಕಚೇರಿ ಇರುವುದು ಕೋರಮಂಗಲದಲ್ಲಿ, ಕೋಣನಕುಂಟೆಯ ನಮಗೆ ಬಸ್ಸಿನ ದಾರಿಯಷ್ಟೇ ದೂರ. ಗಣಿ ಇದ್ದದ್ದು ಭದ್ರೆ ಹುಟ್ಟುವ ಮಲೆಗಳಲ್ಲಿ. 1976ರಲ್ಲಿ ಸ್ಥಾಪನೆಯಾದ ಈ ಸರಕಾರಿ ಕಂಪೆನಿಯ ಹಿಂದಿದ್ದದ್ದು ಷಾ ಆಡಳಿತದ ಇರಾನಿನ ಸಾಲ. ಅದಿರು ಹೋಗಬೇಕಿದ್ದುದೂ ಇರಾನಿಗೇ. 1979ರ ಕ್ರಾಂತಿಯಿಂದ ಆ ಏರ್ಪಾಡು ಕುಸಿಯಿತು, ಗಣಿಗಾರಿಕೆ ಮಾತ್ರ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಮುಂದುವರಿಯಿತು. ತೊಳೆದ ಅದಿರು ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಳ್ಳುತ್ತಿತ್ತು.

ಆ ಮಲೆಗಳಲ್ಲಿ ಮಲೆಕುಡಿಯರಿದ್ದರು. ಜೇನು, ಏಲಕ್ಕಿ, ತೋಟದ ಕೂಲಿ ಅವರ ಬದುಕು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಮುಂದೆ ಗಡಿ ಅಂತಿಮವಾದಾಗ ಗಣಿಯ ನೆಲ ಉದ್ಯಾನದಿಂದ ಹೊರಗುಳಿಯಿತು. ಆದಿವಾಸಿಗಳ ಮನೆಗಳು ಒಳಗುಳಿದವು. ಬೆಟ್ಟವನ್ನೇ ಅಗೆಯುತ್ತಿದ್ದವರು ಗುತ್ತಿಗೆದಾರರು, ಜೇನು ಕೀಳುವವರು ಕಾಡಿಗೆ ಅಪಾಯ ಎಂಬ ಈ ತರ್ಕ ನಮಗೆ ಇಂದಿಗೂ ಅರ್ಥವಾಗಿಲ್ಲ. ಪುನರ್ವಸತಿಯ ಹೆಸರಿನಲ್ಲಿ ಹೊರಡಿರೆಂಬ ಮಾತು ಅವರ ಬೆನ್ನು ಬಿಡಲಿಲ್ಲ. ಈ ಕಾಡು ಮುಂದೆ ಗುಂಡಿನ ಸದ್ದನ್ನೂ ಕೇಳಿತು.

ಗಣಿಯನ್ನು ನಿಲ್ಲಿಸಿದ್ದು ಸುಪ್ರೀಂ ಕೋರ್ಟು. 2002ರ ಅಕ್ಟೋಬರ್ 30ರ ಆದೇಶದಂತೆ 2005ರ ಕೊನೆಗೆ ಯಂತ್ರಗಳು ಸುಮ್ಮನಾದವು. ಅದು ನದಿಗೆ, ಕಾಡಿಗೆ ಸಿಕ್ಕ ನ್ಯಾಯ. ಅದರ ಬೆಲೆ ದೊಡ್ಡದು, ನಾವು ಅಲ್ಲಗಳೆಯುವುದಿಲ್ಲ. ಮಾರನೆಯ ವರ್ಷವೇ ಬಂದ ಅರಣ್ಯ ಹಕ್ಕು ಕಾಯ್ದೆಯು, ಕಾಡಿನ ಜನರಿಗೆ ಐತಿಹಾಸಿಕ ಅನ್ಯಾಯ ಆಗಿದೆಯೆಂದು ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಸಂಸತ್ತು, ಕಂಪೆನಿಯಲ್ಲ.

ಅದೇ ಕಂಪೆನಿಗೆ ಈಗ ಸಂಡೂರಿನ ದೇವದಾರಿ ಬೆಟ್ಟ ಬೇಕಾಗಿದೆ. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅದಕ್ಕೆ ತಡೆಯೊಡ್ಡಿದರು. ಕುದುರೆಮುಖದಲ್ಲಿ ಅರಣ್ಯ ನಿಯಮ ಮೀರಿದ್ದಕ್ಕೆ ಕೊಡಬೇಕಾದ ಹಣ ತೀರಿಸದೆ ದೇವದಾರಿಯ ಕಾಡನ್ನು ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಆ ಹಣ ಅರಣ್ಯಕ್ಕಾದ ಹಾನಿಯ ಲೆಕ್ಕ. ಮಲೆಕುಡಿಯರಿಗೆ ಸಲ್ಲಬೇಕಾದ್ದು ಯಾವ ಇಲಾಖೆಯ ಯಾವ ಕಡತದಲ್ಲಿದೆ ಎಂದು ಕೋರಮಂಗಲವನ್ನಾಗಲಿ ವಿಧಾನಸೌಧವನ್ನಾಗಲಿ ಕೇಳುವವರು ಯಾರು?