ಕಾಮೋಠೆಯ ತಟ್ಟೆಯಲ್ಲಿ ಎರಡು ವಲಸೆಗಳು

ಹೋಟೆಲಿನ ತಿಂಡಿಪಟ್ಟಿಯನ್ನು ಚರಿತ್ರೆಯ ದಾಖಲೆಯೆಂದು ಓದುವ ರೂಢಿ ನಮ್ಮಲ್ಲಿಲ್ಲ. ಶಾಸನ, ಕಡತ, ಕೈಫಿಯತ್ತುಗಳಿಗೆ ಸಲ್ಲುವ ಮರ್ಯಾದೆ ಎಣ್ಣೆಯ ಕಲೆ ಹತ್ತಿದ ಹಾಳೆಯೊಂದಕ್ಕೆ ಸಲ್ಲುವುದಿಲ್ಲ. ಆದರೆ ಮುಂಬಯಿ ಕನ್ನಡಿಗರ ಚರಿತ್ರೆಯ ದೊಡ್ಡ ಪಾಲು ನಡೆದದ್ದೇ ಗಲ್ಲಾಪೆಟ್ಟಿಗೆ, ಒಲೆ ಮತ್ತು ಮೇಜುಗಳ ನಡುವೆ. ಆದ್ದರಿಂದ ಈ ಸೀಮೆಯಲ್ಲಿ ಬಾಳುತ್ತಿರುವ ನಾವು ಅಂಥ ಹಾಳೆಯೊಂದನ್ನು ಗಮನವಿಟ್ಟು ಓದುವುದು ಉಚಿತವೇ ಆಗಿದೆ.

ನಮ್ಮ ಮುಂದಿರುವ ಹಾಳೆ ಕಾಮೋಠೆಯದು. ಪನ್ವೇಲ್ ತಾಲೂಕಿನ ಈ ಊರು ಬಹುಕಾಲ ಆಗ್ರಿ ಸಮುದಾಯದ ರೈತರ ಭತ್ತದ ಗದ್ದೆಗಳ ನಾಡಾಗಿತ್ತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆ ನವಿ ಮುಂಬಯಿಗಾಗಿ ಈ ಭಾಗದ ಹಳ್ಳಿಗಳ ಜಮೀನನ್ನು ವಶಪಡಿಸಿಕೊಂಡಿತು. ನ್ಯಾಯವಾದ ಪರಿಹಾರಕ್ಕಾಗಿ 1984ರ ಜನವರಿಯಲ್ಲಿ ನಡೆದ ಹೋರಾಟದಲ್ಲಿ ರೈತರು ಪೋಲೀಸರ ಗುಂಡಿಗೆ ಬಲಿಯಾದರು. ಗದ್ದೆಗಳಿದ್ದಲ್ಲಿ ಸೆಕ್ಟರುಗಳು ಬಂದವು. 2016ರಲ್ಲಿ ಕಾಮೋಠೆ ಪನ್ವೇಲ್ ಮಹಾನಗರಪಾಲಿಕೆಗೆ ಸೇರಿತು. ಇಂದು ಮಾನಸರೋವರ ನಿಲ್ದಾಣದಲ್ಲಿಳಿದು ಒಳಬೀದಿಗಳಿಗೆ ನಡೆದರೆ ವಡಾಪಾವಿನ ಗಾಡಿ, ಆಗ್ರಿ ಊಟದ ಖಾನಾವಳಿ, 'ಶೆಟ್ಟಿ ಹೋಟೆಲು' ಇವುಗಳ ಸಾಲಿನಲ್ಲೇ 'ಏಷ್ಯನ್ ಫ್ಯೂಷನ್' ಎಂಬ ಫಲಕವೂ ಕಾಣುತ್ತದೆ.

ನಮ್ಮ ಬಳಗದ ಕೆಲವರು ಅಂಥ ಒಂದೆಡೆ ಊಟಕ್ಕೆ ಕುಳಿತಿದ್ದೆವು. ಪಟ್ಟಿಯಲ್ಲಿ ಗೋಬಿ ಮಂಚೂರಿಯನ್, ಹಕ್ಕಾ ನೂಡಲ್ಸ್, ಮೋಮೊ, ತೆಂಗಿನ ಹಾಲಿನ ಥಾಯ್ ಕರಿ, ಕೊನೆಗೆ ಶೆಜ್ವಾನ್ ನೂಡಲ್ಸ್ ತುಂಬಿದ ದೋಸೆ. ಹಿರಿಯರೊಬ್ಬರು ಪಟ್ಟಿಯನ್ನು ಮಡಿಸಿಟ್ಟು, "ಇದರಲ್ಲಿ ನಮ್ಮದು ಅನ್ನುವಂಥದ್ದು ಏನಿದೆ?" ಎಂದರು. "ದೋಸೆ ಇದೆಯಲ್ಲ ಮಾಮ" ಎಂದು ಕಿರಿಯನೊಬ್ಬ ನಕ್ಕ. ಇಬ್ಬರ ಮಾತಿನಲ್ಲಿಯೂ ಒಂದೇ ನಂಬಿಕೆ ಅಡಗಿತ್ತು: ದೋಸೆ ನಮ್ಮದು, ಉಳಿದದ್ದು ಪರರದ್ದು. ಚರಿತ್ರೆ ಈ ನಂಬಿಕೆಯನ್ನು ಒಪ್ಪುವುದಿಲ್ಲ.

ಮೊದಲು 'ನಮ್ಮದು' ಎಂಬುದನ್ನೇ ನೋಡೋಣ. ಉಡುಪಿ ಹೋಟೆಲಿನ ಅಡುಗೆಯ ಬೇರು ಅಷ್ಟಮಠಗಳ ಪಾಕಶಾಲೆಯಲ್ಲಿದೆ ಎಂಬುದು ನಿಜ. ಆದರೆ ಈರುಳ್ಳಿ ಬೆಳ್ಳುಳ್ಳಿಗಳನ್ನು ದೂರವಿಟ್ಟ ಆ ಅಡುಗೆ ಊರು ಬಿಟ್ಟು ಹೊರಟಾಗ ಹಾಗೆಯೇ ಉಳಿಯಲಿಲ್ಲ. ತುಳುನಾಡಿನಲ್ಲಿ 'ಮಾರಿ ಬೊಳ್ಳ' ಎಂದು ಇಂದಿಗೂ ನೆನೆಯುವ 1923ರ ಮಹಾಪೂರ, ಕುಟುಂಬಕ್ಕೆ ಸಾಲದ ಹಿಡುವಳಿ, ಸಾಲ, ಮುಂದೆ 1974ರ ಭೂಸುಧಾರಣೆಯ ಕಾಯಿದೆ ತಂದ ಪಲ್ಲಟ, ಹೀಗೆ ಒಂದೊಂದು ಕಾಲದಲ್ಲಿ ಒಂದೊಂದು ಕಾರಣ ಜನರನ್ನು ಘಟ್ಟದಾಚೆಗೂ ಕಡಲ ದಾರಿಯಲ್ಲಿಯೂ ಅಟ್ಟಿತು. ಕೊಂಕಣ ರೈಲು 1998ರಲ್ಲಿ ಪೂರ್ಣವಾಗುವವರೆಗೆ ಮಂಗಳೂರಿನಿಂದ ಮುಂಬಯಿಗೆ ನೇರವಾದ ಕರಾವಳಿ ರೈಲುಮಾರ್ಗವೇ ಇರಲಿಲ್ಲ. ಹಡಗಿನಲ್ಲಿಯೋ, ಘಟ್ಟ ಹತ್ತಿ ಬೆಳಗಾವಿ ಪುಣೆಗಳನ್ನು ದಾಟುವ ಬಸ್ಸಿನಲ್ಲಿಯೋ ಬಂದ ಹತ್ತು ಹನ್ನೆರಡು ವರ್ಷದ ಹುಡುಗರು ಲೋಟ ತೊಳೆಯುವಲ್ಲಿಂದ ಆರಂಭಿಸಿ, ಮಾಣಿಗಳಾಗಿ, ಅಡುಗೆ ಕಲಿತು, ಕೆಲವರು ಗಲ್ಲಾದವರೆಗೆ ಏರಿದರು. ಹಲವರು ಏರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗುತ್ತಿದ್ದ ಆ ಹುಡುಗರಿಗಾಗಿ ಫೋರ್ಟಿನಲ್ಲಿ, ಇತರೆಡೆಗಳಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದವು. ಮುಂಬಯಿ ಕನ್ನಡ ಸಾಹಿತ್ಯದ ಓದುಗರಲ್ಲಿ ಒಂದು ಪೀಳಿಗೆ ಆ ದೀಪದ ಬೆಳಕಿನಲ್ಲಿ ಅಕ್ಷರ ಕಲಿತವರು.

1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಬಾಳೆಲೆಯ ಊಟ ಊರಿನ ನೆನಪನ್ನು ಉಳಿಸಿತು. ಆದರೆ ಆ ಕಾಲದಿಂದ ಮುಂದಕ್ಕೆ ನಗರದ ತುಂಬ ಹಬ್ಬಿದ ಉಡುಪಿ ಹೋಟೆಲುಗಳು ಗಿರಾಕಿಯ ನಾಲಗೆಯನ್ನು ಅನುಸರಿಸಿ ನಡೆದವು. ಸಾಂಬಾರಿಗೆ ಬೆಲ್ಲದ ಪ್ರಮಾಣ ಏರಿತು, ಪಾವ್‌ಭಾಜಿ ಬಂತು, ಪಂಜಾಬಿ ಪಲ್ಯಗಳು ಬಂದವು. ಇರಾನಿಗಳ ಅನೇಕ ಕೆಫೆಗಳು ಶೆಟ್ಟರ ಕೈಗೆ ಬಂದಾಗ ಅಲ್ಲಿಯ ಚಹಾ ಮತ್ತು ಬನ್‌ಮಸ್ಕಾ ಕೂಡ ಜೊತೆಗೆ ಬಂದವು. ಮಸಾಲೆ ದೋಸೆಯ ಬಟಾಟೆ ಪಲ್ಯವನ್ನೇ ನೆನೆಯಿರಿ: ಬಟಾಟೆಯೂ ಅದರೊಳಗಿನ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದವು. ಹೋಟೆಲಿನ ದೋಸೆ ಎಂಬುದು ವಲಸೆಯ ಅಡುಗೆ. ಅದರ ಹಿರಿಮೆ ಅದು ಒಪ್ಪಿಕೊಂಡದ್ದರಲ್ಲಿದೆ, ಕಾಯ್ದುಕೊಂಡ ಮಡಿಯಲ್ಲಿಲ್ಲ.

ಪಟ್ಟಿಯ ಉಳಿದ ಭಾಗಕ್ಕೆ ಬರೋಣ. ಅದರ ಚರಿತ್ರೆ ನಮ್ಮದಕ್ಕಿಂತ ಹಳೆಯದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯಾಂಗ್ ತಾಯ್ ಚೌ ಎಂಬ ಚೀನೀ ವರ್ತಕ ವಾರನ್ ಹೇಸ್ಟಿಂಗ್ಸನಿಂದ ಭೂಮಿ ಪಡೆದು ಕಲ್ಕತ್ತೆಯ ಸಮೀಪ ಸಕ್ಕರೆಯ ಕಾರ್ಖಾನೆ ತೆರೆದ. ಅವನ ಹೆಸರಿನಿಂದಲೇ ಆ ಸ್ಥಳಕ್ಕೆ ಆಚಿಪುರ ಎಂಬ ಹೆಸರು ಬಂತು. ಬಳಿಕ ಬಂದವರಲ್ಲಿ ಕ್ಯಾಂಟನ್ ಸೀಮೆಯವರು ಬಡಗಿಗಳಾದರು, ಹಕ್ಕಾ ಜನ ಚರ್ಮ ಹದಮಾಡುವ ಮತ್ತು ಚಪ್ಪಲಿ ಹೊಲಿಯುವ ಕಸುಬು ಹಿಡಿದರು. ಮೇಲ್ಜಾತಿಗಳು ಮುಟ್ಟದ ಆ ಕಸುಬಿನಿಂದಲೇ ಟ್ಯಾಂಗ್ರಾ ಎಂಬ ಚೀನೀ ಕೇರಿ ಬೆಳೆಯಿತು. ಹಕ್ಕಾ ನೂಡಲ್ಸಿನ ಹೆಸರು ಈ ಜನರದ್ದು. ಮುಂಬಯಿಯಲ್ಲಿಯೂ ಮಜಗಾಂವ್ ಹಡಗುಕಟ್ಟೆಯ ಬಳಿ ಚೀನೀ ನಾವಿಕರ, ಕುಶಲಕರ್ಮಿಗಳ ಸಣ್ಣ ವಸತಿಯೊಂದಿತ್ತು. 1919ರಲ್ಲಿ ಅವರು ಕಟ್ಟಿದ ಗುಡಿ ಡಾಕ್‌ಯಾರ್ಡ್ ರೋಡ್ ನಿಲ್ದಾಣದ ಸಮೀಪ ಇಂದಿಗೂ ನಿಂತಿದೆ.

ಈ ಸಮುದಾಯದ ಬಾಳಿನಲ್ಲಿ 1962 ಒಂದು ಬಿರುಕು. ಆ ವರ್ಷದ ಯುದ್ಧದ ಬೆನ್ನಲ್ಲೇ ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಬಂಧನದಲ್ಲಿಟ್ಟರು. ಅವರಲ್ಲಿ ಇಲ್ಲಿಯೇ ಹುಟ್ಟಿದವರು, ಚೀನಾವನ್ನು ಕಂಡರಿಯದ ಮಕ್ಕಳು ಇದ್ದರು. ಕೆಲವರು ವರ್ಷಗಟ್ಟಲೆ ಅಲ್ಲಿಯೇ ಉಳಿದರು. ಬಿಡುಗಡೆಯಾದವರಲ್ಲಿ ಹಲವರ ಮನೆ, ಅಂಗಡಿಗಳು ಮರಳಿ ಸಿಗಲಿಲ್ಲ. ಅನೇಕರು ದೇಶವನ್ನೇ ತೊರೆದರು. ಉಳಿದವರಿಗೆ ಒದಗಿದ ಕೆಲವೇ ಜೀವನೋಪಾಯಗಳಲ್ಲಿ ಅಡುಗೆಯೂ ಒಂದು.

ಅದಾದ ನಾಲ್ಕೇ ವರ್ಷಕ್ಕೆ ಮುಂಬಯಿಯಲ್ಲಿ ನಮ್ಮವರ ಸರದಿ ಬಂತು. 1966ರ ಜೂನ್‌ನಲ್ಲಿ ಶಿವಸೇನೆ ಸ್ಥಾಪನೆಯಾದ ಬಳಿಕ ದಕ್ಷಿಣ ಭಾರತೀಯರ ವಿರುದ್ಧ ಎದ್ದ ಅಲೆಯಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆಯಿತು, ಕಲ್ಲುಗಳು ಬಿದ್ದವು. ಲುಂಗಿ ಎಂಬ ಉಡುಪೇ ಬೈಗುಳವಾಯಿತು. ಕನ್ನಡ, ತುಳು, ತಮಿಳು, ಮಲಯಾಳಗಳ ವ್ಯತ್ಯಾಸ ಕಲ್ಲೆಸೆದವರಿಗೆ ಬೇಕಿರಲಿಲ್ಲ, ಎಲ್ಲರೂ 'ಮದ್ರಾಸಿ'ಗಳೇ. ದೇವಲಿಯ ಬಂಧನಕ್ಕೂ ಮುಂಬಯಿಯ ಕಲ್ಲೇಟಿಗೂ ತೂಕದಲ್ಲಿ ಬಹಳ ವ್ಯತ್ಯಾಸವಿದೆ, ಅವೆರಡನ್ನು ಸಮವೆನ್ನಲಾಗದು. ಆದರೆ ಎರಡರ ಹಿಂದೆಯೂ ಇದ್ದ ಪ್ರಶ್ನೆ ಒಂದೇ: ನೀನು ಇಲ್ಲಿಯವನೇ? ಎರಡೂ ಸಮುದಾಯಗಳು ಅದಕ್ಕೆ ಭಾಷಣದಿಂದ ಉತ್ತರಿಸಲಿಲ್ಲ. ಮರುದಿನ ಒಲೆ ಹಚ್ಚಿದವು, ಗಿರಾಕಿ ಕೇಳಿದ್ದನ್ನು ಬಡಿಸಿದವು.

ಈ ಎರಡು ವಲಸೆಗಳು ಒಂದೇ ಬಾಣಲೆಯಲ್ಲಿ ಕೂಡಿದ್ದು 1970ರ ದಶಕದ ನಂತರ. ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಬರಿಗೈಯಲ್ಲಿ ಮುಂಬಯಿಗೆ ಬಂದು ಅಡುಗೆಯವನಾದವರು. 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಗಿರಾಕಿಯೊಬ್ಬರು ಹೊಸದೇನಾದರೂ ಮಾಡಿಕೊಡಿ ಎಂದು ಕೇಳಿದಾಗ, ಅವರು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡಿ, ಹುರಿದ ಕೋಳಿಯ ತುಂಡುಗಳನ್ನು ಹಾಕಿದರೆಂಬುದು ಪ್ರಸಿದ್ಧವಾದ ವೃತ್ತಾಂತ. ಚೀನಾದ ಈಶಾನ್ಯದ ಮಂಚೂರಿಯ ಪ್ರಾಂತಕ್ಕೂ ಆ ಖಾದ್ಯಕ್ಕೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ. ಒಗ್ಗರಣೆ ಭಾರತದ್ದು, ಸಾಸು ಚೀನಾದ್ದು, ಹಿಟ್ಟು ಅಮೆರಿಕದ ಮೆಕ್ಕೆಜೋಳದ್ದು.

ಕ್ಲಬ್ಬಿನ ಮೇಜಿನಿಂದ ಕಾಮೋಠೆಯಂಥ ಉಪನಗರದ ಬೀದಿಗೆ ಅದನ್ನು ತಂದವರು ಯಾರು? ದೊಡ್ಡ ಪಾಲು ನಮ್ಮ ಹೋಟೆಲಿನವರೇ. ಕ್ಲಬ್ಬಿನ ಸದಸ್ಯತ್ವವಾಗಲೀ ತಾರಾ ಹೋಟೆಲಿನ ಬಿಲ್ಲಾಗಲೀ ಎಟುಕದ ಗಿರಣಿ ಕಾರ್ಮಿಕ, ಗುಮಾಸ್ತ, ಕಾಲೇಜು ಹುಡುಗ ಈ ರುಚಿಯನ್ನು ಮೊದಲು ಕಂಡದ್ದು ನಾಕಾದ ಶೆಟ್ಟಿ ಹೋಟೆಲಿನಲ್ಲಿ. ದಕ್ಷಿಣ ಭಾರತದ ತಿಂಡಿ, ಪಂಜಾಬಿ, ಚೈನೀಸ್ ಎಂಬ ಮೂರು ಅಂಕಣಗಳ ಪಟ್ಟಿ ಅವರದೇ ರೂಢಿ. ಸಸ್ಯಾಹಾರಿ ಹೋಟೆಲಿನಲ್ಲಿ ಕೋಳಿಯ ಜಾಗಕ್ಕೆ ಹೂಕೋಸು ಬಂತು. 1822ರಲ್ಲಿ ಇಂಗ್ಲೆಂಡಿನಿಂದ ಸಹಾರನ್‌ಪುರದ ಕಂಪನಿ ತೋಟಕ್ಕೆ ಬಂದಿಳಿದ ತರಕಾರಿಯದು. ಗೋಬಿ ಮಂಚೂರಿ ಕರ್ನಾಟಕದ ಜಾತ್ರೆ, ಬಸ್‌ನಿಲ್ದಾಣ, ಕಾಲೇಜಿನ ಗೇಟುಗಳಿಗೆಲ್ಲ ಹಬ್ಬಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಬಳಸುವ ಕೃತಕ ಬಣ್ಣವನ್ನು ನಿಷೇಧಿಸಿದಾಗ ರಾಜ್ಯದಾದ್ಯಂತ ಎದ್ದ ಚರ್ಚೆಯನ್ನು ನೆನೆದರೆ, ಆ ತಿಂಡಿಯನ್ನು ಪರದೇಶದ್ದೆಂದು ಯಾರೂ ಹೇಳಲಾರರು.

ಶೆಜ್ವಾನಿನ ಕಥೆ ಇನ್ನೂ ಸ್ವಾರಸ್ಯದ್ದು. ಚೀನಾದ ಸಿಚುವಾನ್ ಪ್ರಾಂತದ ಅಡುಗೆಯ ಜೀವಾಳ ನಾಲಗೆಯನ್ನು ಜುಮ್ಮೆನ್ನಿಸುವ ಒಂದು ಕಾಯಿ. ನಮ್ಮ ಬೀದಿಯ ಶೆಜ್ವಾನ್ ಚಟ್ನಿಯಲ್ಲಿ ಸಾಮಾನ್ಯವಾಗಿ ಅದು ಇರುವುದೇ ಇಲ್ಲ. ಒಣಮೆಣಸು, ಬೆಳ್ಳುಳ್ಳಿ, ಎಣ್ಣೆ, ಅಷ್ಟೇ. ಆದರೆ ಅದೇ ಕುಲದ ಗಿಡವೊಂದು ನಮ್ಮ ಕರಾವಳಿಯಲ್ಲಿಯೇ ಬೆಳೆಯುತ್ತದೆ. ಮರಾಠಿಗರು ತಿರಫಳ ಎಂದೂ ಕೊಂಕಣಿಗರು ತೆಪ್ಪಲ್ ಎಂದೂ ಕನ್ನಡಿಗರು ಜುಮ್ಮನಕಾಯಿ ಎಂದೂ ಕರೆಯುವ ಅದು ರಾಯಗಡದಿಂದ ಕಾರವಾರದಾಚೆಯವರೆಗೆ ಬಂಗುಡೆ ಸಾರಿಗೆ ಬೀಳುತ್ತದೆ. ಪರದೇಶದ ಹೆಸರಿನ ಚಟ್ನಿಯಲ್ಲಿ ನಮ್ಮ ಒಗ್ಗರಣೆಯಿದೆ, ನಮ್ಮ ಮೀನುಸಾರಿನಲ್ಲಿ ಸಿಚುವಾನಿನ ಬಂಧುವಿದೆ. ಮೋಮೊ ಕೂಡ ಕನ್ನಡಿಗರಿಗೆ ಹೊಸಬನಲ್ಲ. 1960ರ ದಶಕದಲ್ಲಿ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟಿನ ನಿರಾಶ್ರಿತರಿಗೆ ಕರ್ನಾಟಕ ನೆಲ ಕೊಟ್ಟಾಗಲೇ ಅವರೊಂದಿಗೆ ಆ ತಿಂಡಿಯೂ ನಮ್ಮ ನಾಡಿಗೆ ಬಂದಿತ್ತು.

ಹೀಗಿರುವಾಗ 'ಫ್ಯೂಷನ್' ಎಂಬ ಮಾತು ತಡವಾಗಿ ಬಂದ ಹೆಸರು ಮಾತ್ರ. ಹೆಸರಿಗಿಂತ ಮುಖ್ಯವಾದುದು ಅಡುಗೆಮನೆಯಲ್ಲಿ ಇಂದು ನಿಂತಿರುವವರು. ಮುಂಬಯಿ ಸೀಮೆಯ ಇಂಥ ಹೋಟೆಲುಗಳ ಒಲೆಯ ಮುಂದೆ ಈಗ ತುಳುನಾಡಿನ ಹುಡುಗರು ವಿರಳ. ಅವರ ಮಕ್ಕಳು ಬ್ಯಾಂಕು, ಆಸ್ಪತ್ರೆ, ಕಂಪನಿಗಳಲ್ಲಿದ್ದಾರೆ. ಆ ಸ್ಥಾನದಲ್ಲಿ ನೇಪಾಳದವರು, ಡಾರ್ಜಿಲಿಂಗ್ ಮತ್ತು ಈಶಾನ್ಯ ರಾಜ್ಯಗಳವರು, ಉತ್ತರಾಖಂಡದವರು ಇದ್ದಾರೆ. ಅವರೂ ಎಳೆಯ ವಯಸ್ಸಿನಲ್ಲಿ ಊರು ಬಿಟ್ಟವರು, ಸಂಬಳದ ಪಾಲನ್ನು ಮನೆಗೆ ಕಳಿಸುವವರು. ಬಾಣಲೆ ಹಿಡಿದವನ ಮುಖದ ಚಹರೆ ನೋಡಿ ಅವನನ್ನು 'ಚೀನಿ' ಎಂದು ಕೂಗುವ ಗಿರಾಕಿಗಳಿದ್ದಾರೆ. ಕೊರೊನಾ ಕಾಲದಲ್ಲಿ ಆ ಕೂಗು ಹಲವು ನಗರಗಳಲ್ಲಿ ಹಲ್ಲೆಯ ಮಟ್ಟಕ್ಕೂ ಹೋಯಿತು. 'ಮದ್ರಾಸಿ' ಎಂಬ ಕೂಗನ್ನು ಕೇಳಿದ್ದ ಮನೆತನಗಳ ನಾವು ಈ ಕೂಗಿಗೆ ಕಿವಿಗೊಡದೆ ಊಟ ಮುಂದುವರಿಸುವುದು ಸಲ್ಲದು.

ನಮ್ಮ ಹೋಟೆಲು ಉದ್ಯಮದ ಚರಿತ್ರೆಯಾಗಿ ಈವರೆಗೆ ಬಂದಿರುವುದರಲ್ಲಿ ಹೆಚ್ಚಿನದು ಮಾಲಕರ ಚರಿತ್ರೆ: ಅಭಿನಂದನ ಗ್ರಂಥ, ಸಂಘಗಳ ಸ್ಮರಣ ಸಂಚಿಕೆ, ಯಶಸ್ಸಿನ ಕಥನ. ಅವುಗಳ ಬೆಲೆ ಅವುಗಳಿಗಿದೆ. ಆದರೆ ಮಸಾಲೆ ದೋಸೆಯ ಪಕ್ಕದಲ್ಲಿ ಮೊದಲ ಸಲ ಚೈನೀಸ್ ಒಲೆ ಹೂಡಿದಾಗ ಆ ಕೆಲಸವನ್ನು ಯಾರಿಂದ ಕಲಿತರು, ಕಲ್ಕತ್ತೆಯ ಬಾಣಸಿಗನೊಡನೆ ಉಡುಪಿಯ ಭಟ್ಟರು ಯಾವ ಭಾಷೆಯಲ್ಲಿ ಮಾತಾಡಿದರು, 1966ರಲ್ಲಿ ಕಲ್ಲು ಬಿದ್ದ ರಾತ್ರಿ ಮಾಣಿಗಳು ಎಲ್ಲಿ ಮಲಗಿದರು ಎಂಬುದನ್ನು ಬಲ್ಲವರು ಎಂಬತ್ತರ ಅಂಚಿನಲ್ಲಿದ್ದಾರೆ. ಅವರಲ್ಲಿ ಹಲವರು ಡೊಂಬಿವಲಿ, ಠಾಣೆ, ಕಲ್ಯಾಣ, ಪನ್ವೇಲ್‌ಗಳ ಸಣ್ಣ ಫ್ಲ್ಯಾಟುಗಳಲ್ಲಿ ಮಕ್ಕಳೊಂದಿಗಿದ್ದಾರೆ. ರಾತ್ರಿಶಾಲೆಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ಕಲಿತವರ ನೆನಪು ಕಾಗದಕ್ಕೆ ಇಳಿಯದೇ ಹೋದರೆ ಆ ಚರಿತ್ರೆಗೆ ಬೇರೆ ಸಾಕ್ಷಿಯಿಲ್ಲ.

ಆದುದರಿಂದ ನಮ್ಮ ಬಳಗದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ಕಟ್ಟಡದಲ್ಲಿ, ಸಂಘದಲ್ಲಿ ಹೋಟೆಲಿನ ಒಲೆಯ ಮುಂದೆ ದುಡಿದ ಹಿರಿಯರಿದ್ದರೆ ಅವರ ಮಾತನ್ನು ಬರೆದಿಡಿ. ಕನ್ನಡವೋ ತುಳುವೋ ಕೊಂಕಣಿಯೋ, ಅವರಾಡಿದ ನುಡಿಯಲ್ಲಿಯೇ ಇರಲಿ. ದೊಡ್ಡ ಘಟನೆಗಳೇ ಬೇಕೆಂದಿಲ್ಲ. ಮೊದಲ ಸಂಬಳ ಎಷ್ಟು, ಮೊದಲು ಕಲಿತ ತಿಂಡಿ ಯಾವುದು, ಕಲಿಸಿದವರ ಹೆಸರೇನು, ಇಷ್ಟು ಕೇಳಿದರೂ ಸಾಕು.