ಕಪ್ಪಾಗಿ ಅರಳಿದ ಮುತ್ತುಗ

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಒಂದು ಪಟವಿದೆ. ಮದುವೆಯಾದ ಹೊಸದರಲ್ಲಿ ನನ್ನ ಅಜ್ಜಿ ಊರ ಹೊರಗಿನ ಮುತ್ತುಗದ ಮರದ ಕೆಳಗೆ ನಿಂತಿದ್ದಾರೆ. ಮರದಲ್ಲಿ ಎಲೆಯಿಲ್ಲ, ಕೊಂಬೆಯ ತುಂಬ ಹೂವು. ಆದರೆ ಆ ಹೂವೆಲ್ಲ ಇದ್ದಲಿನಂತೆ ಕಪ್ಪು. “ಅವತ್ತು ಮರಕ್ಕೆ ಬೆಂಕಿ ಬಿದ್ದ ಹಾಗಿತ್ತು ಮಗು, ಪಟದಲ್ಲಿ ನೋಡಿದರೆ ಸುಟ್ಟು ಕರಕಾಗಿದೆ” ಎಂದು ಅಜ್ಜಿ ನಗುತ್ತಿದ್ದರು. ಪಟ ತೆಗೆದವನಿಗೆ ಕೆಲಸ ಬರುತ್ತಿರಲಿಲ್ಲವೆಂದೇ ನಾನು ಬಹುಕಾಲ ನಂಬಿದ್ದೆ. ಛಾಯಾಗ್ರಹಣದ ಚರಿತ್ರೆಯನ್ನು ಓದಿದ ಮೇಲೆ ಆತನ ತಪ್ಪೇನೂ ಇರಲಿಲ್ಲವೆಂದು ತಿಳಿಯಿತು.

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ವಿಧಾನ ಪ್ರಕಟವಾಯಿತು. ಅದಕ್ಕೂ, ಅನಂತರ ಬಂದ ಗಾಜಿನ ಫಲಕಗಳಿಗೂ ಆಧಾರ ಬೆಳ್ಳಿಯ ಲವಣಗಳು. ಇವುಗಳ ದೃಷ್ಟಿಯಲ್ಲಿ ಒಂದು ಊನವುಂಟು. ನೀಲಿ, ನೇರಿಳೆ ಬೆಳಕಿಗೆ ಅವು ಬೇಗನೆ ಮಿಡಿಯುತ್ತವೆ. ಕೆಂಪನ್ನು ಕಾಣುವುದೇ ಇಲ್ಲ. ಕತ್ತಲೆಕೋಣೆಯಲ್ಲಿ ಕೆಂಪು ದೀಪವಿಟ್ಟುಕೊಂಡು ಕೆಲಸ ಮಾಡಲು ಸಾಧ್ಯವಾದದ್ದು ಇದರಿಂದಲೇ. ಹೀಗಾಗಿ ಪಟದಲ್ಲಿ ನೀಲಿ ಹೂವು ಬಿಳುಪಿಗೆ ತಿರುಗುತ್ತಿತ್ತು, ಕೆಂಪು ಹೂವು ಕಪ್ಪಾಗುತ್ತಿತ್ತು. ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಫಲಕಕ್ಕೆ ಹಸುರು, ಹಳದಿಗಳೂ ಗೋಚರಿಸುತ್ತವೆಂದು 1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್ ಕಂಡುಹಿಡಿದ. ಆದರೂ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಳಕೆಯಲ್ಲಿದ್ದ ಅನೇಕ ಫಲಕಗಳು ಕೆಂಪಿಗೆ ಕುರುಡಾಗಿಯೇ ಉಳಿದಿದ್ದವು.

ಬಣ್ಣವನ್ನು ಬಣ್ಣವಾಗಿಯೇ ಹಿಡಿಯುವ ಫಲಕವನ್ನು ಫ್ರಾನ್ಸಿನ ಲೂಮಿಯೇರ್ ಸಹೋದರರು 1907ರಲ್ಲಿ ಮಾರಾಟಕ್ಕೆ ತಂದರು. ಅದರ ಗುಟ್ಟು ಆಲೂಗಡ್ಡೆಯಲ್ಲಿತ್ತು! ಅದರ ಪಿಷ್ಟದ ಸೂಕ್ಷ್ಮ ಕಣಗಳಿಗೆ ಕಿತ್ತಳೆಗೆಂಪು, ಹಸುರು, ನೇರಿಳೆ ಬಣ್ಣ ಕೊಟ್ಟು, ಬೆರೆಸಿ, ಗಾಜಿನ ಮೇಲೆ ಹರಡುತ್ತಿದ್ದರು. ಆ ಕಣಗಳ ಮೂಲಕ ಹಾದ ಬೆಳಕು ಹಿಂದಿನ ಬೆಳ್ಳಿಯ ಪದರದ ಮೇಲೆ ಚಿತ್ರವನ್ನು ಮೂಡಿಸುತ್ತಿತ್ತು. ಹೂದೋಟಗಳು ಈ ಫಲಕಕ್ಕೆ ಪ್ರಿಯವಾದ ವಸ್ತುಗಳಾದವು. ಆದರೆ ಒಳ್ಳೆಯ ಬಿಸಿಲಿನಲ್ಲಿಯೂ ಒಂದು ಸೆಕೆಂಡೋ, ಅದಕ್ಕಿಂತ ಹೆಚ್ಚೋ ಮಸೂರ ತೆರೆದಿರಬೇಕಾಗಿತ್ತು. ಅಷ್ಟರಲ್ಲಿ ತಂಗಾಳಿ ಬೀಸಿದರೆ ಹೂವೆಲ್ಲ ಕಲಸಿಹೋಗುವುದು. ವಸಂತದ ಮಿತ್ರನಾದ ಮಂದಮಾರುತನು ಛಾಯಾಗ್ರಾಹಕನಿಗೆ ಶತ್ರುವಾದ! ಬೆಲೆಯೂ ಹೆಚ್ಚು. ನಮ್ಮ ಊರಿನಂಥ ಊರುಗಳಿಗೆ ಬಣ್ಣದ ಪಟ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಈಗ ಜೇಬಿನ ಫೋನಿನಲ್ಲೇ ಕ್ಯಾಮೆರಾ ಇದೆ. ಆದರೂ ಕೆಂಪಿನ ತಕರಾರು ತೀರಿಲ್ಲ. ಕಳೆದ ಫಾಲ್ಗುಣದಲ್ಲಿ ಮುತ್ತುಗದ ಹೂವೊಂದನ್ನು ಹಿಡಿದಾಗ ಕೆಂಪು ಉಕ್ಕಿ, ಎಸಳಿನ ಮಡಿಕೆಗಳೇ ಮುಳುಗಿಹೋದವು. ಬೆಳಕನ್ನು ತಗ್ಗಿಸಿ ಮತ್ತೆ ತೆಗೆದೆ; ಆಗ ಗಿಳಿಯ ಕೊಕ್ಕಿನಂಥ ಎಸಳು ಸ್ಪಷ್ಟವಾಯಿತು. ಕಿಂಶುಕವೆಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಅಜ್ಜಿ ಈಗಿಲ್ಲ. ಅವರ ಆ ಮಾತೊಂದು ಉಳಿಯದೆ ಹೋಗಿದ್ದರೆ ಆ ದಿನದ ಬಣ್ಣವೂ ಅವರೊಡನೆ ಹೋಗಿಬಿಡುತ್ತಿತ್ತು. ಮೊನ್ನೆ ಪಟದ ಹಿಂಬದಿಯಲ್ಲಿ ಸಣ್ಣಗೆ ಬರೆದಿಟ್ಟೆ: “ಹೂವು ಕಪ್ಪಲ್ಲ, ಬೆಂಕಿಯ ಬಣ್ಣ.” ಆದರೆ ಅಜ್ಜಿ ಉಟ್ಟ ಸೀರೆಯ ಬಣ್ಣವನ್ನು ಕೇಳಿರಲಿಲ್ಲ, ಅದೂ ಪಟದಲ್ಲಿ ಕಪ್ಪಾಗಿಯೇ ಇದೆ. ಇಂಥ ಪಟಗಳು ಮನೆಯಲ್ಲಿರುವವರು, ಕೇಳಲು ಹಿರಿಯರು ಇರುವಾಗಲೇ ಕೇಳಿ ಬರೆದಿಡುವುದು ಒಳ್ಳೆಯದು.