ಬಿದ್ದವರನ್ನು ಎತ್ತುವ ಆಟ

ಜೋಂಬಿ ಎಂಬ ಮಾತು ಈಗ ನಮ್ಮ ಊರುಗಳಿಗೂ ಬಂದುಬಿಟ್ಟಿದೆ. ನಾವು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿರುವಾಗ ಪಕ್ಕದ ಕೋಣೆಯಿಂದ ಗುಂಡಿನ ಸದ್ದು, ಅದರ ಹಿಂದೆಯೇ ಮಕ್ಕಳ ಕೂಗು. ಸತ್ತು ಎದ್ದುಬಂದ ಹೆಣಗಳನ್ನು ಗೆಳೆಯರೆಲ್ಲ ಗುಂಪು ಕಟ್ಟಿಕೊಂಡು ಹೊಡೆಯುವ ಕಂಪ್ಯೂಟರ್ ಆಟವಂತೆ. 'ಇದೆಂಥ ಅನಿಷ್ಟದ ಆಟವಪ್ಪಾ' ಎಂದು ಗೊಣಗಿ ಸುಮ್ಮನಾಗಬಹುದು. ಆದರೆ ಚರಿತ್ರೆ ಪಾಠ ಹೇಳುವ ನನಗೆ, ಹೊಸ ಪದ ಕಿವಿಗೆ ಬಿದ್ದರೆ ಅದರ ತವರುಮನೆ ಎಲ್ಲಿ ಎಂದು ಹುಡುಕುವ ಚಾಳಿ.

ಇದರ ತವರು ಕೆರಿಬಿಯನ್ ಸಮುದ್ರದ ಹೈಟಿ. ಆಗ ಅದಕ್ಕೆ ಸೇಂಟ್ ಡೊಮಿಂಗ್ ಎಂಬ ಹೆಸರು, ಫ್ರೆಂಚರ ವಸಾಹತು. ಯುರೋಪಿನ ಕಾಫಿ ಬಟ್ಟಲಿಗೆ ಸಕ್ಕರೆ ಬೇಕಿತ್ತು. ಕಬ್ಬು ಕಡಿಯಲು, ಗಾಣ ತಿರುಗಿಸಲು ಆಫ್ರಿಕದಿಂದ ಜನರನ್ನು ಹಡಗುಗಳಲ್ಲಿ ತುಂಬಿ ತಂದರು. 1789ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ದುಡಿತ ಎಷ್ಟು ಕ್ರೂರವೆಂದರೆ ಸತ್ತವರ ಜಾಗ ತುಂಬಲು ಮತ್ತೆ ಮತ್ತೆ ಹಡಗು ಬರುತ್ತಲೇ ಇರಬೇಕಿತ್ತು. ಸತ್ತರೆ ಆತ್ಮವಾದರೂ ಆಫ್ರಿಕಕ್ಕೆ ಮರಳುತ್ತದೆ ಎಂಬುದೊಂದೇ ಆ ಜನರ ಸಮಾಧಾನ. ಆ ಸಮಾಧಾನವನ್ನೂ ಕಿತ್ತುಕೊಳ್ಳುವ ಭಯವೇ ಜೋಂಬಿ. ಬೊಕೊರ್ ಎಂಬ ಮಾಂತ್ರಿಕ ಹೆಣವನ್ನು ಎಬ್ಬಿಸಿ, ಬುದ್ಧಿ ಕಸಿದು, ಸಾವಿನಾಚೆಗೂ ಗದ್ದೆಯಲ್ಲಿ ದುಡಿಸುತ್ತಾನೆ ಎಂಬ ನಂಬಿಕೆ. ಜೋಂಬಿ ಯಾರನ್ನೂ ಕಚ್ಚುತ್ತಿರಲಿಲ್ಲ, ತಿನ್ನುತ್ತಿರಲಿಲ್ಲ. ಜನರಿಗೆ ಅದು ಎದುರಾದೀತೆಂಬ ಹೆದರಿಕೆಗಿಂತ ತಾವೇ ಅದಾದೇವೆಂಬ ಹೆದರಿಕೆ ದೊಡ್ಡದು. ಅಪ್ಪ ಸತ್ತರೆ ಅವನ ಸಾಲಕ್ಕೆ ಮಗ ಜೀತಕ್ಕೆ ನಿಲ್ಲುತ್ತಿದ್ದ ನಾಡಿನವರು ನಾವು; 1976ರಲ್ಲಿ ಜೀತ ರದ್ದತಿಯ ಕಾಯಿದೆ ಬರಬೇಕಾಯಿತು. ಸಾವಿಗೂ ಹರಿಯದ ದುಡಿತ ಎಂದರೇನೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ಹರಳು ಉಪ್ಪು ನಾಲಿಗೆಗೆ ಬಿದ್ದರೆ ಜೋಂಬಿಗೆ ಅರಿವು ಮರಳುತ್ತದೆ, ಅದು ತನ್ನ ಸಮಾಧಿಗೆ ಹೊರಟುಹೋಗುತ್ತದೆ ಎಂದೂ ಅಲ್ಲಿನವರು ಹೇಳುತ್ತಾರೆ. ನಮ್ಮಲ್ಲಿ ಉಪ್ಪಿನ ಋಣ ಆಳನ್ನು ಒಡೆಯನಿಗೆ ಕಟ್ಟಿಹಾಕುತ್ತದೆ. ಅಲ್ಲಿ ಉಪ್ಪೇ ಬಿಡುಗಡೆ. 1791ರಲ್ಲಿ ಆ ಗುಲಾಮರು ದಂಗೆ ಎದ್ದರು. 12 ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ 1804ರ ಜನವರಿ 1ರಂದು ಸ್ವತಂತ್ರರಾದರು. ಫ್ರಾನ್ಸಿನ ಕ್ರಾಂತಿಯನ್ನು ಪುಟಗಟ್ಟಲೆ ಪಾಠ ಹೇಳುವಾಗ ಈ ಕ್ರಾಂತಿಗೆ ಒಂದು ಸಾಲೂ ಸಿಗದಿರುವುದು ನನ್ನನ್ನು ಚುಚ್ಚುತ್ತದೆ.

1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯಲ್ಲಿ ಬೀಡುಬಿಟ್ಟಿತ್ತು. ಆ ಕಾಲದಲ್ಲೇ ಈ ಕಥೆ ಸಮುದ್ರ ದಾಟಿತು. 1932ರ 'ವೈಟ್ ಜೋಂಬಿ' ಸಿನಿಮಾದಲ್ಲಿ ಸಕ್ಕರೆ ಗಾಣ ತಿರುಗಿಸುವ ಜೋಂಬಿಗಳೇನೋ ಇದ್ದಾರೆ, ಆದರೆ ಪ್ರೇಕ್ಷಕರು ಮರುಗಬೇಕಾದದ್ದು ಮಾಟಕ್ಕೆ ಸಿಕ್ಕ ಬಿಳಿಯ ಮದುವಣಗಿತ್ತಿಗೆ! 1968ರಲ್ಲಿ ಜಾರ್ಜ್ ರೊಮೆರೊ 'ನೈಟ್ ಆಫ್ ದಿ ಲಿವಿಂಗ್ ಡೆಡ್' ತೆಗೆದ. ಅದರಲ್ಲಿ ಜೋಂಬಿ ಎಂಬ ಪದವನ್ನು ಯಾರೂ ಆಡುವುದಿಲ್ಲ. ಅಲ್ಲಿ ಒಡೆಯನೂ ಇಲ್ಲ, ಗದ್ದೆಯೂ ಇಲ್ಲ. ಮನುಷ್ಯರನ್ನು ತಿನ್ನುವ ಹೆಣಗಳ ಹಿಂಡು ಮಾತ್ರ. ಒಂದು ಮನೆಯೊಳಗೆ ಸಿಕ್ಕಿಕೊಂಡವರು ಒಗ್ಗಟ್ಟಿಲ್ಲದೆ ಜಗಳವಾಡಿಕೊಂಡೇ ಹಾಳಾಗುತ್ತಾರೆ. ಕೊನೆಗೆ ಉಳಿದ ಕಪ್ಪು ನಾಯಕನನ್ನು, ರಕ್ಷಿಸಲು ಬಂದವರೇ ಹೆಣವೆಂದುಕೊಂಡು ಗುಂಡಿಟ್ಟು ಕೊಲ್ಲುತ್ತಾರೆ.

ಆಮೇಲೆ ಬಂದವು ಆಟಗಳು. 1996ರಲ್ಲಿ ಜಪಾನಿನ 'ರೆಸಿಡೆಂಟ್ ಈವಿಲ್' ಬಂದಾಗ ಆಡುವವರು ಒಬ್ಬಂಟಿ. 2008ರ ನವೆಂಬರಿನಲ್ಲಿ ಬಂದ ಅಮೆರಿಕದ 'ಲೆಫ್ಟ್ ಫೋರ್ ಡೆಡ್' ನಾಲ್ವರನ್ನು ಒಟ್ಟಿಗೆ ಕಳಿಸಿತು: ಮುದುಕ ಸೈನಿಕ ಬಿಲ್, ಕಾಲೇಜು ಹುಡುಗಿ ಜೋಯಿ, ಕಚೇರಿಯ ಲೂಯಿಸ್, ಮೋಟಾರ್‌ಸೈಕಲ್ಲಿನ ಫ್ರಾನ್ಸಿಸ್. ಅದರ ನಿಯಮಗಳನ್ನು ನನಗೆ ತಿಳಿಸಿಕೊಟ್ಟವಳು ನನ್ನ ತಂಗಿಯ ಮಗಳು. ಪೆಟ್ಟು ಹೆಚ್ಚಾಗಿ ನೆಲಕ್ಕೆ ಬಿದ್ದವರು ತಾವಾಗಿ ಏಳುವಂತಿಲ್ಲ, ಗೆಳೆಯರು ಬಂದು ಕೈಹಿಡಿದು ಎತ್ತಬೇಕು. ಮೇಲೆರಗಿ ಅದುಮಿ ಹಿಡಿಯುವ ಜೋಂಬಿಯಿಂದ ಬಿಡಿಸಬೇಕಾದವರೂ ಗೆಳೆಯರೇ. ಒಬ್ಬರ ಕೈಲಿ ಒಂದೇ ಔಷಧಿ ಚೀಲ; ತಾನೇ ಬಳಸಬಹುದು, ಗೆಳತಿಯ ಗಾಯಕ್ಕೂ ಕಟ್ಟಬಹುದು. ಕಣ್ಣು ಮುಚ್ಚಿ ಗುಂಡು ಹಾರಿಸಿದರೆ ನಮ್ಮವರಿಗೇ ತಾಗುತ್ತದೆ. ರೊಮೆರೊನ ಮನೆಯಲ್ಲಿ ಜನ ಯಾವುದನ್ನು ಮಾಡಲಾರದೆ ಸತ್ತರೋ ಅದೇ ಇಲ್ಲಿ ಕಾನೂನು.

2020ರಲ್ಲಿ ಹಾಸ್ಟೆಲುಗಳು ಮುಚ್ಚಿದಾಗ ಅವಳ ಮೂವರು ಗೆಳತಿಯರು ಮೂರು ಊರುಗಳಲ್ಲಿ ಉಳಿದರು. ರಾತ್ರಿ ಊಟವಾದ ಮೇಲೆ ನಾಲ್ವರೂ ಇದನ್ನೇ ಆಡುತ್ತಿದ್ದರು. "ಬಿದ್ದೆ ಕಣೇ, ಬೇಗ ಬಾರೇ!" ಎಂದು ಒಬ್ಬಳು ಕೂಗಿದರೆ, "ಇರೇ, ಬಂದೆ" ಎನ್ನುವಳು ಇನ್ನೊಬ್ಬಳು. ಅವರಲ್ಲಿ ಒಬ್ಬಳು ಆ ವರ್ಷ ತಂದೆಯನ್ನು ಕಳೆದುಕೊಂಡಿದ್ದಳು. "ಅವಳು ಫೋನಿನಲ್ಲಿ ಮಾತೇ ಆಡುತ್ತಿರಲಿಲ್ಲ ದೊಡ್ಡಮ್ಮ, ಆಟಕ್ಕೆ ಮಾತ್ರ ಬರುತ್ತಿದ್ದಳು" ಎಂದಳು ನಮ್ಮ ಹುಡುಗಿ. ಅದನ್ನು ಕೇಳಿದ ಮೇಲೆ ಆ ಆಟವನ್ನು ಹಳಿಯಲು ನನಗೆ ಬಾಯಿ ಬರಲಿಲ್ಲ.

ಆದರೂ ಅವಳಿಗೆ ಹೈಟಿಯ ಕಥೆ ಹೇಳಿದೆ. ಆಟದ ನಾಲ್ವರಿಗೆ ಹೆಸರಿದೆ, ಮಾತಿದೆ, ಎತ್ತಲು ಬರುವವರಿದ್ದಾರೆ. ಎದುರು ನುಗ್ಗುವ ಹಿಂಡಿಗೆ ಯಾವುದೂ ಇಲ್ಲ. ಹೆಸರು, ಮಾತು, ನೆಂಟರು ಎಲ್ಲವನ್ನೂ ಕಸಿದುಕೊಂಡ ಮೇಲೆ ಉಳಿಯುವ ದುಡಿಯುವ ದೇಹಕ್ಕೇ ಗುಲಾಮರು ಜೋಂಬಿ ಎಂದದ್ದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರನ್ನು ಎತ್ತುವವರು ಯಾರೂ ಇರಲಿಲ್ಲವಾ ದೊಡ್ಡಮ್ಮ?" ಎಂದು ಕೇಳಿದಳು. 1791ರಲ್ಲಿ ಅವರೇ ಒಬ್ಬರನ್ನೊಬ್ಬರು ಎತ್ತಿದರು ಎಂದೆ. ಪಠ್ಯಪುಸ್ತಕದಲ್ಲಿ ಇಲ್ಲದ ಆ ಪಾಠವನ್ನು ಅಂದು ರಾತ್ರಿ ಅವಳೇ ಗೆಳತಿಯರಿಗೆ ಹೇಳಿದಳಂತೆ, ಆಟದ ನಡುವೆ.